ಕಟ್ಟೋ ಆಟ

ಭದ್ರಾವತಿ. ಶಿವಮೊಗ್ಗದಿಂದ ಪುಟ್ಟ ಬಂದಿದ್ದಾನೆ; ಫೋನಿನಿಂದ ತಲೆ ಎತ್ತಿಲ್ಲ.

"ಏನೋ ಕಟ್ತಿದೀಯ?"

"ನಿಮ್ಮ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ, ದೊಡ್ಡಪ್ಪ. ಮೈನ್‌ಕ್ರಾಫ್ಟಲ್ಲಿ."

"ಅದಿರು?"

"ಅಗೆದ್ರೆ ಫ್ರೀ."

"ಮತ್ತೆ ದುಡ್ಡು ಕೇಳ್ತಿದ್ಯಲ್ಲ?"

"ನನ್ನ ಗೊಂಬೆಗೆ ಯೂನಿಫಾರ್ಮ್ ಬೇಕು. ಅದಕ್ಕೆ ಮೈನ್‌ಕಾಯಿನ್. ಕಂಪ್ಯೂಟರಲ್ಲಾದ್ರೆ ಆಡೋರೇ ಮಾಡಿದ 'ಮಾಡ್' ಬಿಟ್ಟಿ ಸಿಗುತ್ತೆ."

"ಮಾಡಿದೋರಿಗೇನು?"

"ಲೈಕು."

"ಮಾಡದೋರಿಗೆ?"

"ಆಟ ಕಟ್ಟಿದ ಕಂಪನೀನ 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ತಗೊಳ್ತು."

"ಸುಳ್ಳು ಕುಲುಮೆಗೆ ಅಷ್ಟಾ! 1923ರಿಂದ ಉರಿದ ನಮ್ಮದನ್ನ ಮಾರ್ತೀವಿ ಅಂದಾಗ ಕೊಳ್ಳೋರೇ ಸಿಗ್ಲಿಲ್ಲ. 2023ರಲ್ಲಿ ಮುಚ್ತೀವಿ ಅಂದ್ರು."

"ನೀವೂ ಒಂದು ಮಾಡ್ ಹಾಕ್ಬೇಕಿತ್ತು."

"ಗುತ್ತಿಗೆ ಕಾರ್ಮಿಕರು ಧರಣಿ ಮಾಡಿದ್ರಲ್ಲೋ."

"ಆಟದಲ್ಲೂ ಗೇಟ್ ಮುಂದೆ ಅವರನ್ನ ನಿಲ್ಲಿಸ್ಲಾ?"

"ಅವರಿಗೆಷ್ಟು ಕಾಯಿನ್ನು?"

"ಮುಚ್ಚಿದ್ರೆ ಕೆಲಸಾನೇ ಇರಲ್ವಲ್ಲ ದೊಡ್ಡಪ್ಪ, ಅವರು ಫ್ರೀ."