ಡಬ್ಬಿ ಪುರಾಣ

ಬೆಂಗಳೂರಿನ ಕೇಬಲ್ ಮನೆಗಳಿಗೆಲ್ಲ ಸೆಟ್‌ಟಾಪ್ ಬಾಕ್ಸ್ ಕೂರಿಸಲು ಸರ್ಕಾರ ಕೊಟ್ಟ ಗಡುವು 2013ರ ಮಾರ್ಚ್ 31. ಪತ್ರಿಕೆಯಲ್ಲಿ ಅರ್ಧ ಪುಟ ತಿಳಿಹೇಳಿದ್ದೆ: ಸಿಗ್ನಲ್ ಸೊರಗಿದರೆ ಅನಲಾಗ್‌ನಲ್ಲಿ ಮಳೆ ಸುರಿಯುತ್ತೆ, ಡಿಜಿಟಲ್‌ನಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ನಿಂತೇಹೋಗುತ್ತೆ.

ಪಕ್ಕದ ಮನೆ ಅಜ್ಜಿ ಬಂದರು. "ಮಳೆ ಬಂದ್ರೂ ಸೊಸೆ ಅಳೋದು ಕೇಳಿಸ್ತಿತ್ತಪ್ಪಾ. ಈಗ ಅವಳ ಮೂಗೊಂದು ಕಡೆ, ಮೂಗುತಿ ಒಂದು ಕಡೆ. ಬಾ, ಸರಿಮಾಡು."

ಬರೆಯುವವನಿಗೆ ರಿಪೇರಿಯೂ ಬರುತ್ತೆ ಅಂತ ಯಾರು ಹೇಳಿದರೋ! ಹೋದೆ. ಎರಡು ರಿಮೋಟು, ಒಂದಕ್ಕೆ ಪ್ಲಾಸ್ಟಿಕ್ ಕವರು, ಇನ್ನೊಂದಕ್ಕೆ ರಬ್ಬರ್ ಬ್ಯಾಂಡು. ಅರ್ಧ ಗಂಟೆ ಗುಂಡಿ ಒತ್ತಿ, ಇದ್ದ ಚಿತ್ರವನ್ನೂ ಕಳೆದೆ. ಮೂರನೇ ಕ್ಲಾಸಿನ ಮೊಮ್ಮಗಳು ಡಬ್ಬಿಯ ಹಿಂದೆ ಕೈಹಾಕಿ ಸಡಿಲವಾಗಿದ್ದ ವೈರು ತಿರುಗಿಸಿದಳು. ಮೂಗುತಿ ಮೂಗಿಗೆ ಬಂತು.

"ನೀನು ಬರೀತಾ ಇರಪ್ಪ," ಅಂದರು ಅಜ್ಜಿ, ಕಾಫಿ ಕೊಡುತ್ತಾ.