ಪ್ರಶ್ನೆಪತ್ರಿಕೆಯ ರೋಗಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವಿದೇಶದಲ್ಲಿ ವೈದ್ಯ ಪದವಿ ಮುಗಿಸಿ ಬಂದು, ಇಲ್ಲಿ ವೃತ್ತಿ ಮಾಡಲು ಎಫ್‌ಎಂಜಿಇ ಪರೀಕ್ಷೆಗೆ ಓದುತ್ತಿರುವ ನಾವೆಲ್ಲ ತಮಗೆ ಚಿರಋಣಿಗಳು. 300 ಪ್ರಶ್ನೆ, 300 ನಿಮಿಷ, 150 ಅಂಕ ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಷ್ಟು ಉದಾರ ರೋಗಿಗಳು ಬೇರೆಲ್ಲಿ ಸಿಗುತ್ತಾರೆ?

ತಮ್ಮ ಶಿಸ್ತಂತೂ ಕೈಮುಗಿಯುವಂಥದ್ದು. ‘52 ವರ್ಷದ ಪುರುಷ, ಎರಡು ಗಂಟೆಯಿಂದ ಎದೆನೋವು, ಮೈಯೆಲ್ಲ ಬೆವರು’ ಎಂದು ಶುರು ಮಾಡುತ್ತೀರಿ. ಬಿಪಿ 90/60, ಕತ್ತಿನ ರಕ್ತನಾಳ ಉಬ್ಬಿದೆ, ಶ್ವಾಸಕೋಶ ಸರಿಯಿದೆ, ಇಸಿಜಿಯ 2, 3, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಏರಿದೆ ಎಂದು ಒಂದೇ ಉಸಿರಿಗೆ ಒಪ್ಪಿಸಿ, ‘ಈಗ ಯಾವ ಔಷಧ ಕೊಡಬಾರದು?’ ಎಂದು ನಾಲ್ಕು ಆಯ್ಕೆಯನ್ನೂ ಮುಂದಿಡುತ್ತೀರಿ. ನಾವು ನೈಟ್ರೇಟ್ ಎಂದು ಗುರುತು ಹಾಕುತ್ತೇವೆ. ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಾಗ ಅದು ತನ್ನತ್ತ ಹರಿದು ಬರುವ ರಕ್ತವನ್ನೇ ನೆಚ್ಚಿಕೊಂಡಿರುತ್ತದೆ. ನಾಲಿಗೆಯಡಿ ಇಡುವ ಆ ಮಾತ್ರೆ ರಕ್ತನಾಳ ಹಿಗ್ಗಿಸಿ ಆ ಹರಿವನ್ನೇ ತಗ್ಗಿಸುತ್ತದೆ, ಬಿಪಿ ಇನ್ನೂ ಕುಸಿಯುತ್ತದೆ. ಕೋಚಿಂಗ್‌ನವರು ಇದನ್ನು ಕಠಿಣ ಪ್ರಶ್ನೆ ಎನ್ನುತ್ತಾರೆ.

ತಾಲ್ಲೂಕು ಆಸ್ಪತ್ರೆಗೆ ಅದೇ ಎದೆನೋವು ಹೊತ್ತು ಬರುವ ತಮ್ಮ ವಾರಿಗೆಯವರಿಗೆ ಈ ಶಿಸ್ತಿಲ್ಲ. ‘ಗ್ಯಾಸ್ಟ್ರಿಕ್ ಡಾಕ್ಟ್ರೇ, ರಾತ್ರಿ ಬಜ್ಜಿ ತಿಂದಿದ್ದೆ, ಒಂದು ಇಂಜೆಕ್ಷನ್ ಹಾಕಿ ಕಳಿಸಿಬಿಡಿ’ ಅನ್ನುತ್ತಾರೆ. ಯಾವಾಗಿನಿಂದ ನೋವು ಎಂದರೆ ‘ಆವಾಗಿಂದ’. ಶುಗರ್ ಇದೆಯಾ ಎಂದರೆ ‘ಇತ್ತು, ಕಮ್ಮಿಯಾಯ್ತು, ಮಾತ್ರೆ ಬಿಟ್ಬಿಟ್ಟೆ’. ಜತೆಗೆ ಬಂದ ಭಾವಮೈದುನ ಅಷ್ಟರಲ್ಲಿ ಸೋಡಾ ಕುಡಿಸಿ ಮುಗಿಸಿರುತ್ತಾನೆ. ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿಗೆ ತಜ್ಞರ ಸಲಹೆ ಸಿಗುತ್ತಿದೆ, ನಿಜ. ಆದರೆ ‘ಗ್ಯಾಸ್ಟ್ರಿಕ್’ ಅಂದವರಿಗೂ ಇಸಿಜಿ ಮಾಡಿಸಬೇಕೆಂದು ಹೊಳೆಯಬೇಕಾದ್ದು ಎದುರಿಗೆ ಕೂತ ವೈದ್ಯನಿಗೆ. ಅಲ್ಲಿ ಎ, ಬಿ, ಸಿ, ಡಿ ಇರುವುದಿಲ್ಲ.

ಎಫ್‌ಎಂಜಿಇ ಬದಲಿಗೆ ಬರಬೇಕಿದ್ದ, ಪ್ರಾಯೋಗಿಕ ಹಂತವೂ ಇರುವ ನೆಕ್ಸ್ಟ್ ಪರೀಕ್ಷೆಯ ನಿಯಮಾವಳಿ 2023ರಲ್ಲೇ ಹೊರಬಿತ್ತು, ಬೆನ್ನಿಗೇ ಪರೀಕ್ಷೆ ಮುಂದಕ್ಕೂ ಹೋಯಿತು. ಆದ್ದರಿಂದ ತಮ್ಮಲ್ಲೊಂದು ಅರಿಕೆ: ಮುಂದಿನ ಸಲ ಇಸಿಜಿ ಮನೆಯಲ್ಲೇ ಬಿಟ್ಟು ಬನ್ನಿ, ಭಾವಮೈದುನನನ್ನೂ ಕರೆತನ್ನಿ. ಉತ್ತರ ಆರಿಸಬಲ್ಲವರಿಗೆ ಪ್ರಶ್ನೆ ಕೇಳಲೂ ಬರುತ್ತದೆಯೇ ಎಂದು ನೋಡದೆ ನೋಂದಣಿ ಕೊಡಬೇಡಿ ಎಂದು ಪರೀಕ್ಷೆ ನಡೆಸುವವರಿಗೂ ಒಂದು ಮಾತು ಹೇಳಿ.

ಇತಿ,
ತಮ್ಮನ್ನು ಕಾಗದದ ಮೇಲಷ್ಟೇ ಬದುಕಿಸಿದ
ಒಬ್ಬ ಅಭ್ಯರ್ಥಿ