ಪಟ್ಟಣಿಗನ ಹೊಲದಲ್ಲಿ ಮಣ್ಣು ಕೊಚ್ಚಿಹೋಗುವುದಿಲ್ಲ

2020ರಲ್ಲಿ ಮೈಸೂರಿನ ಪಕ್ಕದ ಕಡಕೊಳದ ಹೊಲಗಳು ಒಂದಂಗುಲವೂ ಅತ್ತಿತ್ತ ಸರಿಯಲಿಲ್ಲ. ರಾಗಿ ಎಂದಿನಂತೆ ಮುಗಿಲು ನೋಡಿಕೊಂಡೇ ನಿಂತಿತ್ತು. ಊರು ಮಾತ್ರ ಪಟ್ಟಣ ಪಂಚಾಯಿತಿಯಾಯಿತು. ಉದ್ಯೋಗ ಖಾತ್ರಿಯ ನರೇಗಾ ಇದ್ದದ್ದು ಹಳ್ಳಿಯವರಿಗೆ ತಾನೇ? ನಿನ್ನೆವರೆಗೆ ಬದು ಹಾಕಿಸಿಕೊಳ್ಳಲು, ಹೊಂಡ ತೋಡಿಸಲು ಅರ್ಹನಾಗಿದ್ದವನು ರಾತ್ರೋರಾತ್ರಿ ಪಟ್ಟಣಿಗನಾದ. ಪಟ್ಟಣಿಗನ ಹೊಲದಲ್ಲಿ ಮಣ್ಣು ಕೊಚ್ಚಿಹೋಗುವುದಿಲ್ಲ. ಮಳೆನೀರು ಇಳಿಜಾರು ಕಂಡರೂ ಸಭ್ಯವಾಗಿ ನಿಂತು, ಕಂದಾಯದ ರಸೀದಿ ನೋಡಿ, ಅಲ್ಲೇ ಇಂಗುತ್ತದೆ. ಸರ್ಕಾರದ ಭೂಗೋಳ ಹೀಗಿದೆ.

ಹೋಗಲಿ, ಹೊಂಡಕ್ಕೆ ಕೃಷಿಭಾಗ್ಯವಿದೆಯಲ್ಲ. 2014ರಲ್ಲಿ ಹುಟ್ಟಿ, ನಡುವೆ ತಾನೇ ಬರಗಾಲಕ್ಕೆ ಸಿಕ್ಕಿ, 2023ರಲ್ಲಿ ಮತ್ತೆ ಚಿಗುರಿದ ಯೋಜನೆ. ಸಹಾಯಧನಕ್ಕೆ ರೈತ ನೋಂದಣಿಯ ಫ್ರೂಟ್ಸ್ ಐಡಿ ಬೇಕು, ಐಡಿಗೆ ಪಹಣಿ ಬೇಕು, ಪಹಣಿಯಲ್ಲಿ ತಾತ ಕೂತಿದ್ದಾನೆ. ತಾತ ಮಣ್ಣಾಗಿ ಎಷ್ಟೋ ಮುಂಗಾರು ಕಳೆದಿವೆ, ಕಂದಾಯ ಇಲಾಖೆಯಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದಾನೆ. ಅವನನ್ನು ಅಲ್ಲಿಂದ ಎಬ್ಬಿಸಲು ಪೌತಿ ಖಾತೆಯಾಗಬೇಕು. ಅದಕ್ಕೆ ದಾಯಾದಿಗಳೆಲ್ಲ ಒಂದೇ ದಿನ, ಒಂದೇ ಮನಸ್ಸಿನಿಂದ ರುಜು ಹಾಕಬೇಕು. ಮುಂಗಾರೇ ಬೇಗ ಬಂದೀತು.

ಎಲ್ಲ ದಾಟಿ ಪಿಎಂ ಕಿಸಾನ್ ಹಣ ಕೇಳಿದವನಿಗೆ ಕೊನೆಗೆ ಯಂತ್ರ ಎದುರಾಗುತ್ತದೆ.

"ಹೆಬ್ಬೆಟ್ಟು ಒತ್ತಿ ಯಜಮಾನ್ರೇ. ಇನ್ನೊಂದ್ಸಲ. ಬರ್ತಿಲ್ಲ ನೋಡಿ."

"ಎಲ್ಲಿಂದ ಬಂದಾದು ಸ್ವಾಮಿ? ಕುಡ್ಲು ಗುದ್ಲಿ ಎಲ್ಲಾನೂ ಸವೆಸ್‌ಬುಟ್ಟವೆ."

ಪಿಎಂ ಕಿಸಾನ್‌ನ ಇ-ಕೆವೈಸಿ ಮಾಡಿದ ಪುಣ್ಯಾತ್ಮರ ಜಾಣ್ಮೆಯನ್ನು ಮೆಚ್ಚಲೇಬೇಕು. ನಿಜವಾಗಿ ಉಳುವವನನ್ನು ಹಿಡಿದು ಹೊರಗಿಡಲು ಇದಕ್ಕಿಂತ ಸೂಕ್ಷ್ಮವಾದ ಜರಡಿ ಸಿಗದು. ನುಣುಪು ಹೆಬ್ಬೆಟ್ಟಿನವನು ಮೈಸೂರಿನಲ್ಲಿ ಫ್ಯಾನಿನಡಿ ಕೂತು ಒಂದೇ ಏಟಿಗೆ ರೈತನಾಗುತ್ತಾನೆ. ಅವನ ಹೊಲವನ್ನು ವಾರಕ್ಕೆ ಮಾಡುವವನು ಈ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. 2019ರ ಫೆಬ್ರುವರಿ 1ರ ನಂತರ ಸಾಲಸೋಲ ಮಾಡಿ ಅರ್ಧ ಎಕರೆ ಕೊಂಡವನೂ ಅನರ್ಹ, ತಡವಾಗಿ ರೈತನಾದ ತಪ್ಪಿಗೆ. ಆಮೇಲೆ, 2023ರಲ್ಲಿ, ಮುಖ ತೋರಿಸಿದರೂ ಸಾಕೆಂದರು. ಒಳ್ಳೆಯದಾಯಿತು; ಮುಖದ ಬಿಸಿಲನ್ನು ಯಂತ್ರ ಇನ್ನೂ ಎಣಿಸುತ್ತಿಲ್ಲ.

ಇಷ್ಟೆಲ್ಲ ಕಾವಲು ಯಾವ ನಿಧಿಗೆ? ವರ್ಷಕ್ಕೆ 6,000 ರೂಪಾಯಿಗೆ, ದಿನಕ್ಕೆ 16 ರೂಪಾಯಿ ಚಿಲ್ಲರೆಗೆ. ಅದರ ಮೇಲೆ ರಾಜ್ಯ ಕೊಡುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು. ಅದನ್ನು ನಿಲ್ಲಿಸಲು ಮಾತ್ರ ಯಾರ ಹೆಬ್ಬೆಟ್ಟೂ ಬೇಕಾಗಲಿಲ್ಲ.

ಹೊಲವನ್ನು ಸೈಟು ಮಾಡುವ ಅರ್ಜಿಯಾದರೋ ಒಂದು ಅಫಿಡವಿಟ್ ಹಿಡಿದು ಆನ್‌ಲೈನಿನಲ್ಲೇ ಹೊರಡುತ್ತದೆ. ಕೈಗಾರಿಕಾ ಪ್ರದೇಶ, ಕಂಟೇನರ್ ಡಿಪೋ, ನಂಜನಗೂಡು ಹೆದ್ದಾರಿ ಮೂರೂ ಮಗ್ಗುಲಲ್ಲೇ ಇರುವಾಗ ಬದು ಯಾಕೆ, ಕಾಂಪೌಂಡೇ ಕಟ್ಟಿಸಬಹುದು. ಅದೂ ಮಣ್ಣು ತಡೆಯುತ್ತದೆ.

2015ರಿಂದ ಮಣ್ಣಿಗೂ ಆರೋಗ್ಯ ಚೀಟಿ ಕೊಡುತ್ತಿದ್ದಾರೆ. ಸಾರಜನಕ, ರಂಜಕ, ಪೊಟ್ಯಾಷ್, ಸತು ಎಂದು 12 ಅಂಶಗಳ ಪರೀಕ್ಷೆ. ಕಡಕೊಳದಲ್ಲಿ ಆ ಚೀಟಿ ಕೈಗೆ ಬಂದೊಡನೆ ಬ್ರೋಕರ್ ಕೇಳುವುದು ಹದಿಮೂರನೆಯದನ್ನು: "ಚದರಡಿಗೆ ಎಷ್ಟು ಹೇಳ್ತೀರಣ್ಣ?"